ಬಾಗಿಲು ಬಡಿಯುವ ಮೊದಲು ಕಿವಿಗೊಡುವ ಸಿದ್ದವ್ವ

ಬೆಳುಂಕಿಯಲ್ಲಿ ಬೆಳಗಿನ ಜಾವ ಐದು ಗಂಟೆ. ಮಾಘದ ಚಳಿ ಕಿವಿಯೊಳಗೆ ಹೊಕ್ಕು ಕೂತಿದೆ. ದಿಬ್ಬದ ಮೇಲಿನ ಗಾಳಿಯಂತ್ರಗಳು ಕತ್ತಲಲ್ಲಿ ಕಾಣುವುದಿಲ್ಲ. ಅವುಗಳ ನೆತ್ತಿಯ ಕೆಂಪು ದೀಪಗಳು ಮಾತ್ರ ಒಟ್ಟಿಗೇ ಹೊತ್ತಿ ಒಟ್ಟಿಗೇ ಆರುತ್ತಿವೆ. ಸಿದ್ದವ್ವ ಒಂದು ಮನೆಯ ಮುಂದೆ ನಿಂತಿದ್ದಾರೆ. ಹೆಗಲಿಗೆ ಮಂಜುಗಡ್ಡೆ ತುಂಬಿದ ನೀಲಿ ಡಬ್ಬಿ, ತಲೆಯ ಮೇಲೆ ಕಂಬಳಿ, ಕೈಯಲ್ಲಿ ಆರಿಸಿಟ್ಟ ಬ್ಯಾಟರಿ. ಬಾಗಿಲು ಬಡಿಯುತ್ತಿಲ್ಲ. ಸುಮ್ಮನೆ ನಿಂತಿದ್ದಾರೆ.

ಎರಡು ನಿಮಿಷ, ಮೂರು ನಿಮಿಷ. ಓಣಿಯ ನಾಯಿಗಳು ನನ್ನನ್ನು ನೋಡಿ ಗುರುಗುಟ್ಟುತ್ತವೆ, ಅವರ ಕಾಲ ಬಳಿ ಹೋಗಿ ಮಲಗುತ್ತವೆ. ‘ಯಾರನ್ನ ಕಾಯ್ತಿದ್ದೀರಿ’ ಎಂದು ಪಿಸುಗುಟ್ಟುತ್ತೇನೆ. ತುಟಿಯ ಮೇಲೆ ಬೆರಳಿಡುತ್ತಾರೆ. ಒಳಗೆ ಯಾರೋ ಕೆಮ್ಮುತ್ತಾರೆ. ಬಳೆಯ ಸದ್ದಾಗುತ್ತದೆ. ನಿದ್ದೆ ಇನ್ನೂ ಬಿಡದ ಹೆಣ್ಣು ದನಿಯೊಂದು ‘ಏಳ್ರಿ, ಸಿದ್ದವ್ವ ಬರೂ ಹೊತ್ತಾತು’ ಎನ್ನುತ್ತದೆ. ಸಿದ್ದವ್ವ ಹಿಡಿದಿಟ್ಟ ಉಸಿರು ಬಿಡುತ್ತಾರೆ. ‘ಚಲೋ ಅದಾಳ ಮುದುಕಿ’ ಎಂದು ತಮಗೆ ತಾವೇ ಹೇಳಿಕೊಂಡು ಆಮೇಲೆ ಬಾಗಿಲು ಬಡಿಯುತ್ತಾರೆ.

ಕತ್ತಲಲ್ಲಿ ಇನ್ನೊಬ್ಬರ ಮನೆ ಮುಂದೆ ನಿಂತು ಕದ್ದು ಕೇಳುವುದು ಮರ್ಯಾದಸ್ಥರ ಕೆಲಸವೇ ಎಂದು ಅವರ ಮುಖಕ್ಕೇ ಕೇಳಿದೆ. ನನ್ನ ಬಾಯಿ ಅಂಥದ್ದು. ಅವರಿಗೆ ಬೇಜಾರಾಗಲಿಲ್ಲ. ‘ಮನಸ್ಯಾ ಎದ್ದ ಕೂಡಲೆ ಮೊದಲ ಮಾತು ಏನ್ ಆಡ್ತಾನ, ಅದನ್ನ ಕೇಳಬೇಕ್ರಿ. ಬಾಗಲಾ ತಗದಮ್ಯಾಲ ಎಲ್ಲಾರೂ ಶಾಣ್ಯಾರ ಆಗ್ತಾರ’ ಎಂದರು. ಕೇಳುವುದು ಏನನ್ನು ಎಂದು ಆಗ ಹೇಳಲಿಲ್ಲ.

ಸಿದ್ದವ್ವನಿಗೆ ಐವತ್ಮೂರು ವರ್ಷ. ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಜತ್ತ ತಾಲ್ಲೂಕಿನ ಒಂಬತ್ತು ಊರುಗಳಲ್ಲಿ ಮುನ್ನೂರ ನಲವತ್ತಾರು ಮಂದಿಯ ರಕ್ತ ಮತ್ತು ನೆನಪು, ಎರಡನ್ನೂ ಆರು ವರ್ಷಗಳಿಂದ ಆರು ತಿಂಗಳಿಗೊಮ್ಮೆ ಅಳೆಯುತ್ತ ಬಂದಿದ್ದಾರೆ. ಪುಣೆಯ ಸಂಶೋಧನಾ ಸಂಸ್ಥೆಯೊಂದು ಆಲ್ಝೈಮರ್ ಕಾಯಿಲೆಯ ಬೇರು ಹುಡುಕುತ್ತಿದೆ. ಹಳ್ಳಿಯ ಬಾಯಲ್ಲಿ ಅರಳುಮರಳು ಎನ್ನುವ ಆ ಕಾಯಿಲೆಯ ಬಗ್ಗೆ ಮುಂದೊಂದು ದಿನ ದೊಡ್ಡ ಪತ್ರಿಕೆಯಲ್ಲಿ ಪ್ರಬಂಧ ಬಂದರೆ ಅದರಲ್ಲಿ ಇಪ್ಪತ್ತು ವಿಜ್ಞಾನಿಗಳ ಹೆಸರಿರುತ್ತದೆ. ಸಿದ್ದವ್ವನ ಹೆಸರು ಇರುವುದಿಲ್ಲ.

ಇವರ ಬಗ್ಗೆ ಬರೆಯಬೇಕೆಂದು ಎರಡು ವರ್ಷದಿಂದ ಬೆನ್ನು ಹತ್ತಿದ್ದೆ. ‘ನಂದೇನ್ ಬರೀತೀರಿ, ಹೋಗ್ರಿ’ ಎಂದು ಅಟ್ಟುತ್ತಿದ್ದರು. ಕಳೆದ ವಾರ ತಾವಾಗಿ ಫೋನ್ ಮಾಡಿದರು. ‘ಬರ್ರಿ. ಆದ್ರ ಒಂದು ಷರತ್ತು ಅದ. ನಮ್ಮ ಮನಿಯವರಿಗೆ ನೀವು ಒಂದು ಮಾತು ಕೇಳಬೇಕು. ಅವರು ಏನ್ ಹೇಳ್ತಾರೋ ಅದನ್ನ ಪೇಪರಿನಾಗ ಹಾಕಬೇಕು. ಒಂದಕ್ಷರ ಬಿಡಬಾರದು, ಒಂದಕ್ಷರ ಕೂಡಸಬಾರದು’ ಎಂದರು. ಕೇಳಬೇಕಾದ ಮಾತು ಇದು: ಸಿದ್ದವ್ವನ ತಾಯಿಯನ್ನು ನುಂಗಿದ ಕಾಯಿಲೆ ಸಿದ್ದವ್ವನಿಗೂ ಬಂದಿದೆಯೋ ಇಲ್ಲವೋ. ಡಾಕ್ಟರಲ್ಲದ, ಓದು ಬರಹ ಬಾರದ, ಕುರಿ ಕಾಯುವ ಗಂಡನಿಗೆ ಇದನ್ನು ಯಾಕೆ ಕೇಳಬೇಕು ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಆದರೂ ಒಪ್ಪಿಕೊಂಡೆ.

ಬಾಗಿಲು ತೆರೆದ ಮನೆಯ ಯಜಮಾನರು ಸೋಮನಿಂಗಪ್ಪ, ಎಪ್ಪತ್ತೆರಡರವರು, ಸರ್ಕಾರಿ ಎಸ್.ಟಿ. ಬಸ್ಸಿನ ಕಂಡಕ್ಟರ್ ಆಗಿದ್ದವರು. ರಕ್ತ ಕೊಡುವ ತನಕ ಹೊಟ್ಟೆಗೆ ಏನೂ ಹಾಕುವಂತಿಲ್ಲ, ಅದಕ್ಕೇ ಸಿಟ್ಟು. ‘ಆರು ತಿಂಗಳಿಗೊಮ್ಮಿ ಬಂದು ನನ್ನ ರಕ್ತಾ ಕುಡಿತಿ, ನನಗೊಂದು ಕಪ್ಪು ಚಾ ಕುಡಿಯಾಕ ಬಿಡವಲ್ಲಿ’ ಎನ್ನುತ್ತಾರೆ. ‘ಕುಡಿಯೂದು ನಾ ಅಲ್ಲ ಕಾಕಾ, ಪುಣೆದ ಮಶಿನ್ನು’ ಎನ್ನುತ್ತಲೇ ಸಿದ್ದವ್ವ ಸೂಜಿ ಚುಚ್ಚಿ ನಾಲ್ಕು ಕೊಳವೆ ತುಂಬಿಸಿ ಆಗಿದೆ. ಕೊಳವೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ.

ಆಮೇಲೆ ನೆನಪಿನ ಪರೀಕ್ಷೆ. ಐದು ಶಬ್ದ ಹೇಳಿ, ಹತ್ತು ನಿಮಿಷ ಬೇರೆ ಮಾತಾಡಿಸಿ, ಮತ್ತೆ ಆ ಐದನ್ನು ಕೇಳುವುದು. ಇವತ್ತಿನವು ಕೊಡ, ಚಾಪಿ, ನವಿಲು, ಉಪ್ಪು, ಸೇತುವಿ. ಹತ್ತು ನಿಮಿಷದ ಮೇಲೆ ಸೋಮನಿಂಗಪ್ಪ ಬೆರಳು ಮಡಿಚುತ್ತಾರೆ. ‘ಕೊಡ, ನವಿಲು, ಉಪ್ಪು, ಸೇತುವಿ.’ ಐದನೆಯ ಬೆರಳು ಹಿಡಿದು ಗೋಡೆ ನೋಡುತ್ತಾರೆ. ‘ಬಾವಿ.’

ಪಟ್ಟಿಯಲ್ಲಿ ಬಾವಿ ಇಲ್ಲ. ಹೊರಗೆ ಬಂದ ಮೇಲೆ ಸಿದ್ದವ್ವ ಹೇಳುತ್ತಾರೆ, ‘ನಾಕು ವರ್ಷ ಆತ್ರಿ. ಪ್ರತಿ ಸಲಾ ಶಬ್ದ ಬದಲಿ ಮಾಡ್ತೀನಿ. ಪ್ರತಿ ಸಲಾ ಕಡೀಕ ಬಾವಿ ಅಂತಾರ. ಅವರ ಹಿತ್ತಲದಾಗ ಬಾವಿಲ್ಲ, ಹೊಲದಾಗ ಬಾವಿಲ್ಲ. ನೀವು ಬಾವಿ ಅಂದ್ರಿ ಅಂದ್ರ, ಇಲ್ಲವಾ ನಾ ಎಲ್ಲಿ ಅಂದೆ ಅಂತಾರ.’ ಅದನ್ನು ಆಕೆ ಪ್ರತಿ ಸಲ ಕಾಗದದ ಅಂಚಿನಲ್ಲಿ ಬರೆದು ತಾರೀಖು ಹಾಕುತ್ತಾರೆ. ಅಂಚಿನಲ್ಲಿ ಬರೆಯಬೇಕೆಂದು ಯಾರೂ ಹೇಳಿಲ್ಲ. ಯಾವ ಬಾವಿ ಎಂದು ನಾನು ಸೋಮನಿಂಗಪ್ಪನವರ ಹೆಂಡತಿಯನ್ನು ಕೇಳಿದ್ದೆ. ಅವರು ಒಲೆಯ ಕಡೆ ತಿರುಗಿಬಿಟ್ಟರು.

ರಕ್ತ ಒಂದೇ ಅಲ್ಲ. ಊಟ ಏನು, ನಿದ್ದೆ ಎಷ್ಟು, ಕಿವಿ ಕೇಳಿಸುತ್ತದೆಯೇ, ಹಲ್ಲು ಎಷ್ಟು ಉಳಿದಿವೆ, ತಂಬಾಕು ಇದೆಯೇ, ಮನಸ್ಸಿಗೆ ಬೇಸರ ಇದೆಯೇ, ಎಲ್ಲ ಬರೆಯಬೇಕು. ಮಲದ ಒಂದು ಚೂರನ್ನೂ ಪುಟ್ಟ ಡಬ್ಬಿಯಲ್ಲಿ ತರಬೇಕು. ‘ಪುಣೆದವರಿಗೆ ಇದೂ ಬೇಕಾತೇನವಾ’ ಎಂದು ಊರು ಮೊದಲ ವರ್ಷವೆಲ್ಲ ನಕ್ಕಿದೆ. ಬೇಕು. ಯಾಕೆ ಬೇಕು ಎಂದು ಪುಣೆಯ ಸಂಸ್ಥೆಯ ಯುವ ವಿಜ್ಞಾನಿ ಸೋನಾಲಿ ಅವರು ಫೋನಿನಲ್ಲಿ ಮರಾಠಿಯಲ್ಲಿ ನನಗೆ ಬಿಡಿಸಿ ಹೇಳಿದರು. ‘ಮನೆಯಲ್ಲಿ ದೀಪ ಆರಿದರೆ ಇಷ್ಟು ದಿನ ಬಲ್ಬನ್ನೇ ತಿರುಗಿಸಿ ನೋಡುತ್ತಿದ್ದೆವು. ಮಿದುಳಿನಲ್ಲಿ ಹೆಪ್ಪುಗಟ್ಟುವ ಒಂದೆರಡು ಪ್ರೋಟೀನುಗಳ ಹಿಂದೆಯೇ ಬಿದ್ದಿದ್ದೆವು. ಈಗ ಊರಿನ ಇಡೀ ಕರೆಂಟ್ ಲೈನ್ ನೋಡುತ್ತಿದ್ದೇವೆ.’ ರಕ್ತದ ಸಾವಿರಾರು ಪ್ರೋಟೀನು, ವಂಶವಾಹಿ, ಕರುಳಿನ ಸೂಕ್ಷ್ಮಜೀವಿ, ನಿದ್ದೆ, ಊಟ, ಎಲ್ಲವನ್ನೂ ಒಟ್ಟಿಗೆ ಕಂಪ್ಯೂಟರಿಗೆ ಹಾಕಿ, ಯಾವುದು ಯಾವುದಕ್ಕೆ ತಗುಲಿಕೊಂಡಿದೆ ಎಂದು ಬಲೆ ಹೆಣೆದು ನೋಡುತ್ತಾರೆ. ಮರೆವು ಹೊರಗೆ ಕಾಣುವ ಹತ್ತಾರು ವರ್ಷ ಮೊದಲೇ ಬಲೆಯ ಯಾವ ಗಂಟು ಸಡಿಲಾಯಿತು ಎಂದು ಹುಡುಕುತ್ತಾರೆ. ಇದಕ್ಕೆ ಸಿಸ್ಟಮ್ಸ್ ಬಯಾಲಜಿ ಎಂದು ಹೆಸರು. ಸಿದ್ದವ್ವ ಇದನ್ನು ಇನ್ನೂ ಸಣ್ಣದು ಮಾಡುತ್ತಾರೆ: ‘ಒಂದು ಕುರಿ ನೋಡೂದಲ್ರಿ, ಹಿಂಡು ನೋಡೂದು.’

ಮೂರೂವರೆಗೆ ಏಳುತ್ತಾರೆ. ಹೊತ್ತು ಏರುವುದರೊಳಗೆ ಆರು ಮನೆ, ಇಪ್ಪತ್ನಾಲ್ಕು ಕೊಳವೆ. ಮೊದಲ ಕೊಳವೆ ತುಂಬಿ ನಾಲ್ಕು ತಾಸಿನೊಳಗೆ ಜತ್ತದ ಕೋಣೆಯಲ್ಲಿರುವ ಗಿರಗಿರ ತಿರುಗುವ ಮಶಿನ್ನಿಗೆ ಅದು ತಲುಪಬೇಕು, ಇಲ್ಲದಿದ್ದರೆ ರಕ್ತ ಕೆಟ್ಟಿತು. ಹಾಗಾಗಿ ಊರೂರಿಗೆ ಬಾಡಿಗೆ ಹೊಡೆಯುವ ವಡಾಪ್ ಜೀಪಿನವರು ಎಷ್ಟೇ ಸೀಟು ತುಂಬಿಸಿದರೂ ಡಬ್ಬಿಗೆ ಮುಂದೆ ಒಂದು ಜಾಗ ಬಿಡುತ್ತಾರೆ. ನಿನ್ನೆ ಅವರ ಜೊತೆ ಅದೇ ಜೀಪಿನಲ್ಲಿ ಹೋದೆ. ಹದಿನಾಲ್ಕು ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರೂ ಆ ಡಬ್ಬಿಗೆ ಯಾರೂ ಕಾಲು ತಾಗಿಸಲಿಲ್ಲ. ಒಬ್ಬ ಮುದುಕಿ ಇಳಿಯುವಾಗ ಅದಕ್ಕೆ ಕೈ ಮುಗಿದರು. ಒಳಗೆ ಅವರ ಗಂಡನ ರಕ್ತವಿತ್ತು. ಗಂಡ ಇವರನ್ನು ಗುರುತಿಸುವುದನ್ನು ಬಿಟ್ಟು ವರ್ಷವಾಗಿದೆಯಂತೆ.

ಕುರುಬರ ಮನೆಯಲ್ಲಿ ಹುಟ್ಟಿ ಕುರುಬರ ಮನೆಗೆ ಬಂದವರು ಸಿದ್ದವ್ವ. ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಓದು. ಹದಿನೇಳಕ್ಕೆ ಮದುವೆ. ಒಂಬತ್ತು ವರ್ಷ ಊರಿನ ಆಶಾ ಕಾರ್ಯಕರ್ತೆಯಾಗಿ ಹೆರಿಗೆ, ಲಸಿಕೆ ಎಂದು ಮನೆ ಮನೆ ತಿರುಗಿದ್ದಾರೆ. ಪುಣೆಯವರಿಗೆ ಕನ್ನಡ, ಮರಾಠಿ ಎರಡೂ ಬರುವ, ಯಾರ ಮನೆಯ ಒಳಗೂ ಹೋಗಬಲ್ಲ ಹೆಂಗಸು ಬೇಕಾಗಿತ್ತು. ರಕ್ತ ತೆಗೆಯುವ ತರಬೇತಿ ಕೊಟ್ಟು ಇಟ್ಟುಕೊಂಡರು. ಇಷ್ಟು ಹೇಳಿ ಸಿದ್ದವ್ವ ನನ್ನ ನೋಟುಬುಕ್ಕಿನ ಕಡೆ ಕೈ ತೋರಿಸಿದರು. ‘ಮೊದಲನೆ ವರ್ಷ ನನ್ನ ಕೈಲಿಂದ ಒಂದು ದೊಡ್ಡ ತಪ್ಪಾತ್ರಿ. ಅದನ್ನೂ ಬರೀರಿ’ ಎಂದರು.

ನೆನಪಿನ ಪರೀಕ್ಷೆಯ ಕಾಗದದಲ್ಲಿ ಒಂಬತ್ತನೆಯ ಪ್ರಶ್ನೆ ಗಂಡನ ಅಥವಾ ಹೆಂಡತಿಯ ಹೆಸರು. ಗಂಡಸರು ಪಟ್ಟನೆ ಹೇಳಿದರು. ಹೆಂಗಸರು ಸೆರಗು ಬಾಯಿಗೆ ಹಿಡಿದು ಕೂತರು. ಈ ಭಾಗದ ಹಳೆಯ ತಲೆಮಾರಿನ ಹೆಣ್ಣುಮಕ್ಕಳು ಗಂಡನ ಹೆಸರು ಎತ್ತುವುದಿಲ್ಲ. ‘ಅವರು’, ‘ಮನಿಯವರು’, ‘ಹಿರೇ ಮಗನ ಅಪ್ಪ’ ಎನ್ನುತ್ತಾರೆ. ಸಂಬಂಧಿಕರಲ್ಲಿ ಯಾರಿಗಾದರೂ ಅದೇ ಹೆಸರಿದ್ದರೆ ಅವನನ್ನೂ ಬೇರೆ ಹೆಸರಿನಿಂದ ಕರೆಯುತ್ತಾರೆ. ಒಂದು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಸೊನ್ನೆ ಹಾಕಬೇಕೆಂದು ಕಾಗದದಲ್ಲಿತ್ತು. ಸಿದ್ದವ್ವ ಐವತ್ತೆಂಟು ಹೆಂಗಸರಿಗೆ ಸೊನ್ನೆ ಹಾಕಿದರು.

‘ನಿಮಗೆ ಗೊತ್ತಿರಲಿಲ್ಲವೇ? ನೀವೂ ಹೇಳುವುದಿಲ್ಲವಲ್ಲ’ ಎಂದೆ. ‘ಗೊತ್ತಿತ್ರಿ. ಟ್ರೇನಿಂಗದಾಗ ಒತ್ತಿ ಒತ್ತಿ ಹೇಳಿದ್ರು, ನಿಮ್ಮ ಬುದ್ಧಿ ಹಚ್ಚಬ್ಯಾಡ್ರಿ, ಕಾಗದದಾಗ ಇದ್ದಂಗ ಮಾಡ್ರಿ ಅಂತ. ನೌಕರಿ ಹೊಸಾದು. ಹಾಕಿದ್ನಿ.’

ಆ ಒಂದು ಸೊನ್ನೆಯಿಂದ ಅಂಕ ಇಳಿದು ಹಲವರು ನೆನಪು ಕುಂದಿದವರ ಪಟ್ಟಿಗೆ ಹೋದರು. ಇವರನ್ನು ಡಾಕ್ಟರಿಗೆ ತೋರಿಸಿ ಎಂದು ಮನೆಗಳಿಗೆ ಕಾಗದ ಹೋಯಿತು. ಕರಜಗಿಯಲ್ಲಿ ಕಾಳುಕಡಿಯ ಅಂಗಡಿ ನಡೆಸುತ್ತಿದ್ದ ಅರವತ್ತೊಂಬತ್ತರ ಶಾಂತಾದೇವಿಯ ಮನೆಗೂ ಹೋಯಿತು. ಮಕ್ಕಳು ಹೆದರಿ ತಾಯಿಯನ್ನು ದುಡ್ಡಿನ ಗಲ್ಲೆಯಿಂದ ಎಬ್ಬಿಸಿದರು. ಒಲೆ ಮುಟ್ಟಬೇಡ ಎಂದರು. ಹೊರಗೆ ಹೊರಟರೆ ಹಿಂದೆ ಒಬ್ಬರು ಹೋಗತೊಡಗಿದರು. ಎಂಟು ತಿಂಗಳು ಹೀಗೆ ನಡೆಯಿತು.

ಅತ್ತ ಪುಣೆಯಲ್ಲಿ ಸೋನಾಲಿಯ ಬಲೆ ತಾಳೆಯಾಗಲಿಲ್ಲ. ರಕ್ತ ನೋಡಿದರೆ ಈ ಹೆಂಗಸರು ಗಟ್ಟಿ, ಕಾಗದ ನೋಡಿದರೆ ಕಾಯಿಲೆಯವರು. ‘ಸಿದ್ದವ್ವ ತಾಯಿ, ರಕ್ತ ಸುಳ್ಳು ಹೇಳುತ್ತಿದೆಯೋ ನಿಮ್ಮ ಸೊನ್ನೆಯೋ’ ಎಂದು ಫೋನ್ ಮಾಡಿದರು. ಸಿದ್ದವ್ವ ಆಗ ಬಾಯಿ ಬಿಟ್ಟರು. ಪಟ್ಟಿ ತಿದ್ದಿದರು, ಪ್ರಶ್ನೆ ಬದಲಾಯಿತು. ಸಿದ್ದವ್ವ ಐವತ್ತೆಂಟು ಮನೆಗೂ ತಾವೇ ನಡೆದು ಹೋಗಿ ತಪ್ಪಾಯಿತೆಂದು ಹೇಳಿ ಬಂದರು. ಕರಜಗಿಯ ಶಾಂತಾದೇವಿ ಸಿಟ್ಟಾಗಲಿಲ್ಲ. ಕಿಟಕಿಯ ಹತ್ತಿರ ಕೂತವರು ತಿರುಗದೆಯೇ, ‘ನೀ ಬರೂದು ತಡಾ ಆತವಾ. ಈಗ ನನಗೂ ಖಾತ್ರಿ ಉಳದಿಲ್ಲ’ ಎಂದರಂತೆ. ಇದನ್ನು ಹೇಳುವಾಗ ಸಿದ್ದವ್ವ ಅತ್ತರು.

ಆ ತಪ್ಪಿನ ಮರುವರ್ಷ ಯಳವಿಯಲ್ಲಿ ಒಂದು ಬೆಳಗು ಸಿದ್ದವ್ವನ ಕೆಲಸವನ್ನೇ ಬದಲಿಸಿತು. ಮುರಗೆಪ್ಪ, ರುಕ್ಮವ್ವ ದಂಪತಿಯ ಮನೆ. ಇಬ್ಬರೂ ಪರೀಕ್ಷೆಯಲ್ಲಿ ಪಾಸು, ಐದಕ್ಕೆ ಐದು ಶಬ್ದ ಹೇಳುವವರು. ಸಿದ್ದವ್ವ ಹೋದಾಗ ಎಪ್ಪತ್ತೆಂಟರ ಮುರಗೆಪ್ಪ ಆ ಚಳಿಯಲ್ಲಿ ಮೈಮೇಲೆ ಹೊದಿಕೆಯೂ ಇಲ್ಲದೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ದೀಪವಿರಲಿಲ್ಲ. ಒಳಗಿನಿಂದ ಒಂದು ಹೆಣ್ಣು ದನಿ, ‘ಮುರಗೆಪ್ಪಾ... ಏ ಮುರಗೆಪ್ಪಾ’ ಎಂದು ಕರೆಯುತ್ತಿತ್ತು. ಆಟಕ್ಕೆ ಹೋದ ಮಗನನ್ನು ಊಟಕ್ಕೆ ಕರೆಯುವ ಹಾಗೆ, ನಿಧಾನವಾಗಿ, ಬಿಟ್ಟು ಬಿಟ್ಟು.

‘ಒಳಗ ಯಾರದಾರ್ರಿ ಅಂತ ಕೇಳಿದ್ನಿ. ನಮ್ಮವ್ವ ಬಂದಾಳ ಅಂದ್ರು. ಅವರವ್ವ ಸತ್ತು ನಲವತ್ತು ವರ್ಷ ಆಗಿತ್ರಿ.’ ಮುರಗೆಪ್ಪನಿಗೆ ಆ ದನಿ ಯಾರದೆಂದು ಗುರುತು ಹತ್ತಿರಲಿಲ್ಲ. ಆ ಮನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದ ಹೆಂಗಸು ತಾಯಿ ಒಬ್ಬಳೇ. ಐವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಹೇಗೆ ಕೇಳಿಸುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಬೆಳಕು ಹರಿಯುವ ತನಕ ಅವರು ಒಳಗೆ ಹೋಗಲಿಲ್ಲ. ಸಿದ್ದವ್ವ ಹೋದರು. ರುಕ್ಮವ್ವ ಹಾಸಿಗೆಯ ಮೇಲೆ ನೆಟ್ಟಗೆ ಕೂತು, ಖಾಲಿ ಗೋಡೆಯ ಮೂಲೆಯನ್ನು ನೋಡುತ್ತ, ನಗುಮುಖದಲ್ಲಿ ಗಂಡನ ಹೆಸರು ಕರೆಯುತ್ತಿದ್ದರು. ಆ ದಿನವೂ ಐದಕ್ಕೆ ಐದು ಶಬ್ದ ಹೇಳಿದರು. ಹದಿನೆಂಟು ತಿಂಗಳ ಮೇಲೆ ಒಂದೂ ಹೇಳಲಿಲ್ಲ.

‘ಎಲ್ಲಾರೂ ಏನ್ ಮರೀತಾರ ಅಂತ ನೋಡ್ತಾರ್ರಿ. ಹೆಸರು ಮರೀತಾರೇನು, ದಾರಿ ಮರೀತಾರೇನು. ನಮ್ಮ ಹೆಣಮಕ್ಕಳು ಮೊದಲ ಮರಿಯೂದು ಹೆಸರು ಅಲ್ಲ. ಹೆಸರು ಹೇಳಬಾರದು ಅನ್ನೂದನ್ನ ಮರೀತಾರ.’ ಸಿದ್ದವ್ವ ಇದನ್ನು ಹೇಳಿದ್ದು ಜೋಳದ ರೊಟ್ಟಿ ಮುರಿಯುತ್ತ, ಏನೂ ವಿಶೇಷವಿಲ್ಲದಂತೆ.

ಅಂದಿನಿಂದ ಅವರು ಬಾಗಿಲು ಬಡಿಯುವ ಮೊದಲು ನಿಂತು ಕೇಳುತ್ತಾರೆ. ಕಾಗದದ ಅಂಚಿನಲ್ಲಿ ತಾವೇ ಒಂದು ಗೆರೆ ಎಳೆದು, ಗಂಡನ ಹೆಸರು ಬಾಯಿಗೆ ಬಂತು, ಬರಲಿಲ್ಲ ಎಂದು ಗುರುತು ಹಾಕತೊಡಗಿದರು. ಪುಣೆಯಲ್ಲಿ ಅದನ್ನು ಸಿದ್ದವ್ವನ ಕಾಲಮ್ಮು ಎನ್ನುತ್ತಾರೆ. ಕದ್ದು ಕೇಳಿದ್ದನ್ನು ಬರೆಯಬಾರದು ಎಂದು ಅಲ್ಲಿ ತಕರಾರು ಬಂತು. ಈಗ ಆಕೆ ಮನೆಯವರಿಗೆಲ್ಲ ಮೊದಲೇ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡೇ ನಿಲ್ಲುತ್ತಾರೆ. ಐದು ವರ್ಷದಲ್ಲಿ ಹನ್ನೊಂದು ಹೆಂಗಸರ ಬಾಯಿಂದ ಹೆಸರು ಬಂದಿದೆ. ಅವರಲ್ಲಿ ಒಂಬತ್ತು ಮಂದಿಯ ರಕ್ತದ ಬಲೆ ಅಷ್ಟರಲ್ಲಾಗಲೇ ಸಡಿಲಾಗತೊಡಗಿತ್ತು. ‘ಹನ್ನೊಂದು ಬಹಳ ಸಣ್ಣ ಸಂಖ್ಯೆ. ಇದು ರುಜುವಾತಲ್ಲ, ದಯವಿಟ್ಟು ಹಾಗೆ ಬರೆಯಬೇಡಿ’ ಎಂದು ಸೋನಾಲಿ ಎರಡೆರಡು ಸಲ ಎಚ್ಚರಿಸಿದ್ದಾರೆ. ಬರೆದಿಲ್ಲ.

ಆದರೆ ಊರುಗಳು ಪುಣೆಯ ಅಪ್ಪಣೆಗೆ ಕಾಯುವುದಿಲ್ಲ. ಸುದ್ದಿ ಹಬ್ಬಿದೆ. ಈಗ ಈ ಒಂಬತ್ತು ಊರಿನ ಮುದುಕರು ಬೆಳಗಿನ ಜಾವ ಎಚ್ಚರಾದರೂ ಕಣ್ಣು ಮುಚ್ಚಿ ಮಲಗಿರುತ್ತಾರೆ, ಹೆಂಡತಿ ಏನೆಂದು ಎಬ್ಬಿಸುತ್ತಾಳೆ ಎಂದು ಕೇಳಲಿಕ್ಕೆ. ‘ಏಳ್ರಿ’ ಎಂದರೆ ಸಾಕು, ಆ ದಿನ ಗೆದ್ದ ಹಾಗೆ. ಇತ್ತ ಮದುವೆಯಾಗಿ ಬಂದ ಹೊಸ ಸೊಸೆಯಂದಿರು ಗಂಡನನ್ನು ಓಣಿಯ ಆ ತುದಿಯಿಂದ ಹೆಸರು ಹಿಡಿದು ಕೂಗುತ್ತಾರೆ. ಕರಜಗಿಯಲ್ಲಿ ಹಾಗೆ ಕೂಗಿದ ಪ್ರಾಜಕ್ತಾ ಎಂಬ ಸೊಸೆಯನ್ನು ನೋಡಲು ಮೂರು ಮುದುಕಿಯರು ಬಂದು, ಕಣ್ಣಿನ ರೆಪ್ಪೆ ಎಳೆದು ನೋಡಿ, ‘ಇಷ್ಟು ಸಣ್ಣ ವಯಸ್ಸಿಗೇನ’ ಎಂದು ಲೊಚಗುಟ್ಟಿ ಹೋದರಂತೆ. ಸಿದ್ದವ್ವ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ‘ಈಗಿನ ಹುಡುಗ್ಯಾರಿಗೆ ನನ್ನ ಕಾಲಮ್ಮು ನಡೆಯೂದಿಲ್ರಿ. ನಮ್ಮ ಪೀಳಿಗಿ ಸಂಗಾಟ ಮುಗೀತದ ಅದು.’

ನಗು ನಿಂತ ಮೇಲೆ ತಾಯಿಯ ಮಾತು ತೆಗೆದರು. ತಾಯಿ ಯಮನವ್ವ. ತಂದೆಯ ಹೆಸರು ಮಾಳಪ್ಪ, ಎಲ್ಲರ ಬಾಯಲ್ಲಿ ಮಾಳು. ಅವರು ತೀರಿಕೊಂಡ ಮೇಲೆ ಹುಟ್ಟಿದ ತನ್ನ ಮಗನಿಗೆ ಸಿದ್ದವ್ವ ಅದೇ ಹೆಸರಿಟ್ಟರು. ಗಂಡನ ಹೆಸರಾದ್ದರಿಂದ ಯಮನವ್ವ ಮೊಮ್ಮಗನನ್ನು ‘ಸಣ್ಣಾವ’ ಎಂದೇ ಕರೆಯುತ್ತಿದ್ದರು. ಒಂದು ಮುಂಜಾನೆ ಅಂಗಳದಲ್ಲಿ ನಿಂತು ‘ಮಾಳೂ, ಮಾಳೂ’ ಎಂದರು. ‘ಮೊಮ್ಮಗನ್ನ ಕರಿಯಾಕತ್ತಾಳ, ಮುದುಕಿ ಕಡೀಕೂ ನಾಚಿಕಿ ಬಿಟ್ಲು ಅಂತ ಎಲ್ಲಾರೂ ನಕ್ಕಿವಿ. ಹುಡುಗ ಎದುರಿಗೇ ನಿಂತಿದ್ದ್ರಿ. ಅಕಿ ಅವನ್ನ ನೋಡ್ತಿರಲಿಲ್ಲ. ಅವನ ಹಿಂದ, ಕುರಿ ಹಟ್ಟಿ ಬಾಗಲದ ಕಡೆ ನೋಡ್ತಿದ್ಲು. ಹುಡುಗ ತಿರುಗಿ ನೋಡಿ ಅಳಾಕ ಹತ್ತಿದ. ಯಾಕಂತ ನಮಗ ತಿಳೀಲಿಲ್ಲ.’ ನಾಲ್ಕು ವರ್ಷದ ಮೇಲೆ ಯಮನವ್ವ ಯಾರನ್ನೂ ಗುರುತಿಸದೆ, ನುಂಗುವುದನ್ನೂ ಮರೆತು ತೀರಿಕೊಂಡರು. ಯಮನವ್ವನ ತಂಗಿಯೂ ಹಾಗೇ ಹೋದರು.

ಹೀಗಾಗಿ ಸಿದ್ದವ್ವನ ರಕ್ತವೂ ಆ ಮುನ್ನೂರ ನಲವತ್ತಾರರಲ್ಲಿದೆ. ಜತ್ತದ ನರ್ಸೊಬ್ಬರು ತೆಗೆಯುತ್ತಾರೆ. ನಂಬರು ಇನ್ನೂರ ಹದಿನೇಳು. ಕಾಯಿಲೆಗೆ ಮದ್ದಿಲ್ಲದಿರುವಾಗ ಸುಮ್ಮನೆ ಹೆದರಿಸಬಾರದೆಂದು ರಕ್ತದ ಫಲಿತಾಂಶವನ್ನು ಕೊಟ್ಟವರಿಗೆ ಹೇಳುವುದಿಲ್ಲ, ಅದು ನಿಯಮ. ಒಮ್ಮೆ ಅವರನ್ನು ಪುಣೆಗೆ ಕರೆಸಿ ಗೋಡೆಯಷ್ಟಗಲದ ಪರದೆಯ ಮೇಲೆ ಇಡೀ ಬಲೆ ತೋರಿಸಿದ್ದರು. ಒಂದೊಂದು ಚುಕ್ಕಿ ಒಬ್ಬೊಬ್ಬ ಮನುಷ್ಯ. ಒಂದು ಕಡೆ ಚುಕ್ಕಿಗಳು ಒತ್ತಾಗಿ ಗುಂಪುಗೂಡಿವೆ, ಇನ್ನೊಂದು ಕಡೆ ಒಂದೊಂದಾಗಿ ಬಿಡಿಸಿಕೊಂಡು ಕಪ್ಪಿನೊಳಗೆ ಹೋಗುತ್ತಿವೆ. ‘ನಂದ್ಯಾವುದ್ರಿ ಮ್ಯಾಡಮ್ ಅಂದ್ನಿ. ನನಗೂ ಗೊತ್ತಿಲ್ಲ ತಾಯಿ, ಹೆಸರು ಬ್ಯಾರೆ ಕಡೆ ಕೀಲಿ ಹಾಕಿ ಇಟ್ಟಾರ ಅಂದ್ರು. ಅಲ್ಲೇ ನಿಂತು ನೋಡಿದ್ನಿ. ಅದರಾಗ ಒಂದು ನಾನು. ಅದು ನನ್ನ ನೋಡಾಕತ್ತದ, ನನಗ ಅದರ ಗುರುತು ಹತ್ತವಲ್ಲದು.’

ಸರಿ, ನಿಮ್ಮದೇ ಕಾಲಮ್ಮು ಇದೆಯಲ್ಲ ಎಂದೆ. ಗಂಡನ ಹೆಸರು ಬಾಯಿಗೆ ಬರದಿದ್ದರೆ ನೀವು ಗಟ್ಟಿ ಎಂದಾಯಿತು. ಸಿದ್ದವ್ವ ತಲೆ ಅಲ್ಲಾಡಿಸಿದರು. ‘ಗೊತ್ತಿದ್ದಾಕಿಗೆ ಅದು ಹತ್ತೂದಿಲ್ರಿ. ನನ್ನ ಬಾಯಿ ನಾನು ಹಗಲೂ ರಾತ್ರಿ ಕಾಯ್ತೀನಿ. ತಲಿ ಖಾಲಿ ಆದ್ರೂ ಬಾಯಿ ಕಾಯ್ಕೋತ ಇರತೀನಿ.’ ಅದಕ್ಕೇ ಎರಡು ವರ್ಷದ ಹಿಂದೆ ಗಂಡನಿಗೆ ಹೇಳಿದರು: ನನ್ನಲ್ಲಿ ಬೇರೆ ಯಾವುದಾದರೂ ಒಂದು ಗುರುತು ನೀವೇ ಆರಿಸಿಕೊಳ್ಳಿ, ಏನೆಂದು ನನಗೆ ಹೇಳಬೇಡಿ, ನೋಡುತ್ತಾ ಇರಿ. ಅವರು ಒಂದು ವಾರ ಯೋಚಿಸಿ, ಆರಿಸಿದೆ ಎಂದರಂತೆ. ಆಮೇಲೆ ಎಷ್ಟು ಸಲ ಕೇಳಿದರೂ ಬಂತು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ‘ಸುಮ್ನ ರೊಟ್ಟಿ ಮಾಡು’ ಎನ್ನುತ್ತಾರೆ.

‘ನನ್ನ ಮುಂದ ಸುಳ್ಳು ಹೇಳಾಕ ಬರೂದಿಲ್ಲ ಅವರಿಗೆ, ಖರೇ ಹೇಳಾಕ ಮನಸಿಲ್ಲ. ಪೇಪರಿನವರು ಬಂದು ಕೇಳಿದ್ರ ಹೇಳ್ತಾರ. ಅವರಿಗೆ ಪೇಪರ್ ಅಂದ್ರ ಪಂಚರ ಮುಂದ ನಿಂತಂಗ. ನನಗ ಹೆದರಿಕಿಲ್ರಿ. ಬಂದಿದ್ರ ಈ ಕೊಳವಿ, ನಂಬರು, ಯಾರದು ಯಾವ ಮನಿ, ಎಲ್ಲಾ ಇನ್ನೊಬ್ಬಾಕಿಗೆ ಕಲಿಸಿ ಕೊಡಬೇಕಲ್ಲ. ತಪ್ಪು ನಂಬರು ಬರದ್ನಿ ಅಂದ್ರ ಇನ್ನೊಂದು ಶಾಂತಾದೇವಿ ಆಗ್ತದ.’ ಇಷ್ಟು ಹೇಳಿ, ಡಬ್ಬಿ ಹೆಗಲಿಗೇರಿಸಿ, ಬಂದ ಜೀಪಿಗೆ ಕೈ ತೋರಿಸಿ ಹತ್ತಿದರು. ನನ್ನನ್ನು ಊರಿನ ಪಡುವಣ ಹೊಲಗಳ ಕಡೆ ಕಳಿಸಿದರು.

ಸಿದ್ದವ್ವನ ಗಂಡ ಸಾತಪ್ಪ ಅರವತ್ತರ ಹತ್ತಿರದವರು. ಕೊಯ್ದ ಜೋಳದ ಹೊಲದಲ್ಲಿ ತೊಂಬತ್ತು ಕುರಿಗಳ ನಡುವೆ ನಿಂತಿದ್ದಾರೆ. ಮದುವೆಯಾದಾಗಿನಿಂದ ಒಂದು ಬೆಳಗೂ ಕುರಿ ಬಿಟ್ಟು ಇದ್ದವರಲ್ಲ, ಮಗಳ ಮದುವೆಯ ದಿನವೂ ಹಟ್ಟಿಗೆ ಹೋಗಿ ಬಂದೇ ಅಕ್ಷತೆಗೆ ನಿಂತವರು ಎಂದು ಸಿದ್ದವ್ವ ಹೇಳಿದ್ದರು. ‘ಬರ್ರಿ, ಕುಂದ್ರಿ’ ಎಂದು ಕಂಬಳಿ ಹಾಸಿದರು. ಕುರಿಗೆ ಜಡ್ಡು ಬರುವುದು ಹೇಗೆ ತಿಳಿಯುತ್ತದೆ ಎಂದು ಮಾತು ತೆಗೆದೆ. ‘ಮೇವು ಬಿಡೂದು, ಕೆಮ್ಮೂದು ಎಲ್ಲಾ ಆಮ್ಯಾಲ್ರಿ. ಮೊದಲ ಅದು ಹಿಂಡಿನಾಗ ತನ್ನ ಜಾಗಾ ಬದಲ ಮಾಡ್ತದ. ದಿನಾ ಬಲಕ್ಕ ನಡಿಯೂ ಕುರಿ ಒಂದಿನ ಎಡಕ್ಕ ಬರ್ತದ. ಬ್ಯಾರೇದವರಿಗೆ ತಿಳಿಯೂದಿಲ್ಲ’ ಎಂದರು. ಆಮೇಲೆ ಅವರೇ, ‘ಕೇಳಾಕ ಬಂದದ್ದು ಅದಲ್ಲಲ್ಲ’ ಎಂದರು.

ಕೇಳಿದೆ. ನೀವು ಆರಿಸಿದ ಗುರುತು ಬಂದಿದೆಯೇ, ಇಲ್ಲವೇ.

ಅವರು ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿದರು. ‘ಅಕಿ ಓದ್ತಾಳೇನ್ರಿ ಇದನ್ನ?’ ಎಂದರು. ಓದುತ್ತಾರೆ, ನೀವು ಆಡಿದ್ದನ್ನು ಆಡಿದ ಹಾಗೇ ಹಾಕುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದೆ. ಜತ್ತದ ರಸ್ತೆಯ ಕಡೆ ಬಹಳ ಹೊತ್ತು ನೋಡಿದರು. ಜೀಪು ಆಗಲೇ ಕಣ್ಮರೆಯಾಗಿತ್ತು. ಕೊನೆಗೆ ಹೇಳಿದರು. ಬರೆದುಕೊಂಡೆ. ಬೇರೆ ಏನಾದರೂ ಹೇಳಿ ಸಾತಪ್ಪನವರೇ ಎಂದು ಬೇಡಿಕೊಳ್ಳುವ ಮನಸ್ಸಾಯಿತು, ಬೇಡಿಕೊಳ್ಳಲಿಲ್ಲ.

ಸಿದ್ದವ್ವನವರೇ, ನಿಮ್ಮ ಯಜಮಾನರು ಆಡಿದ್ದು ಇಷ್ಟು, ಒಂದಕ್ಷರ ಬಿಟ್ಟಿಲ್ಲ, ಒಂದಕ್ಷರ ಕೂಡಿಸಿಲ್ಲ: ‘ಇಲ್ಲ ಅಂತ ಬರೀರಿ. ನಾಳಿಂದ ಮುಂಜಾನೆ ಅಕಿ ಜೋಡಿ ನಾನೂ ಹೋಗ್ತೀನಿ ಅಂತ ಬರೀರಿ. ಬ್ಯಾಟ್ರಿ ನಾ ಹಿಡಿತೀನಿ, ನಂಬರು ಅಕಿ ಓದಲಿ. ಕುರಿ ಮಾಳು ನೋಡ್ಕೋತಾನ.’